ಕರಗುವ ಬೊಂಬೆಯೂ ಎಳೆಯ ಮಕ್ಕಳೂ

ಹೊರಗಿನಿಂದ ಬಂದ ತಿಂಡಿಯನ್ನು ಮಕ್ಕಳ ಕೈಗಿಡುವುದಕ್ಕೆ ಮುಂಚೆ ತಾಯಿಯಾದವಳು ಒಂದು ಚೂರನ್ನು ತಾನು ಬಾಯಿಗೆ ಹಾಕಿ ನೋಡುವುದುಂಟು. ಕಣ್ಣಿಗೂ ಕಿವಿಗೂ ಉಣಬಡಿಸುವ ಸಿನೆಮಾದ ವಿಷಯದಲ್ಲಿ ಮಾತ್ರ ಈ ಎಚ್ಚರ ಸಡಿಲವಾಗುತ್ತದೆ. “ಬರೆದ ಬೊಂಬೆಗಳ ಚಿತ್ರ, ಅದೂ ಹಬ್ಬದ ಚಿತ್ರ. ಇದರಲ್ಲಿ ಕೆಡುಕೇನಿದ್ದೀತು?” ಎಂದುಕೊಂಡು ಹಿರಿಯರು ಮಕ್ಕಳನ್ನು ಪರದೆಯ ಮುಂದೆ ಕುಳ್ಳಿರಿಸಿ ತಮ್ಮ ಕೆಲಸಕ್ಕೆ ಹೊರಟುಬಿಡುತ್ತಾರೆ. ಆದರೆ ಹಬ್ಬದ ಚಿತ್ರಗಳೆಲ್ಲವೂ ಒಂದೇ ಬಗೆಯವಲ್ಲ. ಅವುಗಳಲ್ಲಿ ಹೆಸರಾದುದೊಂದನ್ನು ಮುಂದಿಟ್ಟುಕೊಂಡು, ಅದು ಎಳೆಯರಿಗೆ ಸಲ್ಲುವುದೇ ಎಂಬುದನ್ನು ವಾಚಕರೊಡನೆ ವಿಚಾರಮಾಡಬೇಕೆಂದು ನಾವು ಬಯಸುತ್ತೇವೆ.

ಆ ಚಿತ್ರದ ಹೆಸರು ‘ದಿ ಸ್ನೋಮ್ಯಾನ್’. ಎಂದರೆ ಹಿಮದ ಬೊಂಬೆ. ಇಂಗ್ಲೆಂಡಿನ ರೇಮಂಡ್ ಬ್ರಿಗ್ಸ್ ಎಂಬ ಚಿತ್ರಕಾರರು 1978ರಲ್ಲಿ, ಕತೆಗೆ ಒಂದು ಮಾತನ್ನೂ ಬಳಸದೆ ಚಿತ್ರಗಳಿಂದಲೇ ಹೇಳಿದ ಪುಸ್ತಕ ಇದಕ್ಕೆ ಮೂಲ. ಡಯಾನ್ ಜಾಕ್ಸನ್ ಅವರ ನಿರ್ದೇಶನದಲ್ಲಿ ಅದು ಆನಿಮೇಷನ್ ಚಿತ್ರವಾಗಿ, 1982ನೆಯ ಡಿಸೆಂಬರ್ 26ರಂದು ಬ್ರಿಟನ್ನಿನ ‘ಚಾನೆಲ್ 4’ರಲ್ಲಿ ಮೊದಲು ಪ್ರದರ್ಶಿತವಾಯಿತು. ಆ ದೇಶದ ಮನೆಗಳಲ್ಲಿ ಕ್ರಿಸ್ಮಸ್ ಹಬ್ಬದ ಅಂಗವೇ ಎಂಬಷ್ಟು ಅದು ಬಳಕೆಗೆ ಬಂದಿದೆ. ಬಣ್ಣದ ಸೀಸದಕಡ್ಡಿಯಿಂದ ಬರೆದಂತಿರುವ ಮೃದುವಾದ ಚಿತ್ರಗಳು. ಹೋವರ್ಡ್ ಬ್ಲೇಕ್ ಅವರ ಸಂಗೀತ. ನಡುವೆ ಬಾಲಕನೊಬ್ಬನ ಕಂಠದಲ್ಲಿ ಒಂದೇ ಒಂದು ಹಾಡು. ಕತೆಯೊಳಗೆ ಸಂಭಾಷಣೆಯಿಲ್ಲವಾದುದರಿಂದ ಭಾಷೆ ಬಾರದ ಮಗುವಿಗೂ ಅದು ತಿಳಿಯುತ್ತದೆ.

ಕತೆ ಬಹು ಸರಳ. ಹಿಮ ಬಿದ್ದ ದಿನ ಹುಡುಗನೊಬ್ಬನು ಅಂಗಳದಲ್ಲಿ ಹಿಮದ ಬೊಂಬೆಯನ್ನು ಮಾಡಿ, ಕಿತ್ತಳೆಯ ಮೂಗಿಟ್ಟು, ಟೊಪ್ಪಿಗೆ ತೊಡಿಸುತ್ತಾನೆ. ನಡುರಾತ್ರಿ ಬೊಂಬೆಗೆ ಜೀವ ಬರುತ್ತದೆ. ಇಬ್ಬರೂ ಮನೆಯಲ್ಲೆಲ್ಲ ಆಡಿ, ಆಕಾಶಕ್ಕೆ ಹಾರಿ, ಉತ್ತರದ ಹಿಮಸೀಮೆಯಲ್ಲಿ ಕ್ರಿಸ್ಮಸ್ ತಾತನನ್ನು ಕಂಡು ಬರುತ್ತಾರೆ. ತಾತನು ಹುಡುಗನಿಗೆ ಒಂದು ಕೊರಳವಸ್ತ್ರವನ್ನು ಕೊಡುತ್ತಾನೆ. ಬೆಳಗಾಗೆದ್ದು ಹುಡುಗನು ಅಂಗಳಕ್ಕೆ ಓಡಿದರೆ ಬೊಂಬೆ ಕರಗಿಹೋಗಿದೆ. ಟೊಪ್ಪಿಗೆಯೂ ಒಂದಿಷ್ಟು ಹಿಮವೂ ಉಳಿದಿವೆ. ಜೇಬಿನಲ್ಲಿ ಕೈಯಿಟ್ಟಾಗ ತಾತನು ಕೊಟ್ಟ ವಸ್ತ್ರ ಸಿಕ್ಕುತ್ತದೆ. ಹುಡುಗನು ಅಲ್ಲಿಯೇ ಮೊಣಕಾಲೂರುತ್ತಾನೆ, ಚಿತ್ರ ಮುಗಿಯುತ್ತದೆ.

ಈಗ ಪರೀಕ್ಷೆಗೆ ಬರೋಣ. ಮೊದಲನೆಯದು ಕಾಲದ ಅಳತೆ. ಎರಡರಿಂದ ನಾಲ್ಕು ವರ್ಷದ ಮಕ್ಕಳು ಪರದೆಯ ಮುಂದೆ ಕೂತಿರುವ ಕಾಲ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿತು. ಈ ಚಿತ್ರದ ಕಾಲಾವಧಿ 26 ನಿಮಿಷ. ಒಂದೂವರೆ ಗಂಟೆಯ ಚಿತ್ರಗಳಿಗೆ ಹೋಲಿಸಿದರೆ ಇದು ಎಳೆಯರ ತಾಳ್ಮೆಗೆ ತಕ್ಕುದಾಗಿದೆ.

ಎರಡನೆಯದು ಭಯ. ಇದರಲ್ಲಿ ದುಷ್ಟರಿಲ್ಲ, ಹೊಡೆದಾಟವಿಲ್ಲ. ಕತ್ತಲೆಯ ಕಾಡಿನಲ್ಲಿ ಮೋಟಾರ್ ಸೈಕಲ್ ಓಡುವಾಗ ತೀರ ಚಿಕ್ಕವರು ಮಡಿಲಿಗೆ ಸರಿದಾರು, ಅಷ್ಟೆ. ನಮಗೆ ಕಾಣುವ ಅಪಾಯ ಬೇರೆಯದು. ಹುಡುಗನು ತಂದೆತಾಯಿಗಳಿಗೆ ತಿಳಿಸದೆ ರಾತ್ರಿ ಮನೆಬಿಟ್ಟು ಹೋಗುತ್ತಾನೆ. ಬೊಂಬೆ ಮೈ ತಂಪಾಗಲೆಂದು ಶೀತಪೆಟ್ಟಿಗೆಯೊಳಗೆ ಮಲಗುತ್ತದೆ. ಕಂಡುದನ್ನು ಮಾಡಿ ನೋಡುವುದು ಮಕ್ಕಳ ಸ್ವಭಾವ. ಮುಚ್ಚಳ ಮುಚ್ಚಿಕೊಂಡರೆ ಅಂಥ ಪೆಟ್ಟಿಗೆಯೊಳಗೆ ಉಸಿರುಕಟ್ಟುವುದು. “ಅದು ಹಿಮದ ಬೊಂಬೆ, ಅದಕ್ಕೆ ಉಸಿರು ಬೇಡ, ನಾವು ಹಾಗೆ ಮಾಡಬಾರದು” ಎಂಬ ಮಾತನ್ನು ಆಗಲೇ ಆಡಿಬಿಡತಕ್ಕದ್ದು.

ಮೂರನೆಯದೇ ಕಠಿನವಾದುದು, ಅದು ದುಃಖ. ಸರಕಾರಿ ಮುದ್ರೆ ಇಲ್ಲಿ ನಮಗೆ ಹೆಚ್ಚು ನೆರವಾಗದು. ಬ್ರಿಟನ್ನಿನಲ್ಲಿ ‘ಯು’ ಎಂಬ ಗುರುತಿಗೆ, ಸಾಮಾನ್ಯವಾಗಿ ನಾಲ್ಕು ವರ್ಷ ತುಂಬಿದವರಿಗೆ ತಕ್ಕುದೆಂದು ಅರ್ಥ. ನಮ್ಮ ದೇಶದಲ್ಲಿಯೂ 2024ರಲ್ಲಿ ‘ಯುಎ’ ವರ್ಗವನ್ನು 7, 13, 16 ವರ್ಷಗಳೆಂದು ಮೂರಾಗಿ ವಿಂಗಡಿಸಿದುದು ಹಿರಿಯರಿಗೆ ಉಪಕಾರವೇ ಸರಿ. ಆದರೆ ಮುದ್ರೆ ಹಾಕುವವರು ಚಿತ್ರವನ್ನು ಬಲ್ಲರೇ ಹೊರತು ನಿಮ್ಮ ಮಗುವನ್ನು ಬಲ್ಲವರಲ್ಲ. ಹೋದುದು ಮರಳಿ ಬಾರದೆಂಬ ಅರಿವು ಮಕ್ಕಳಲ್ಲಿ ಸಾಮಾನ್ಯವಾಗಿ ಐದರಿಂದ ಏಳು ವರ್ಷಗಳ ನಡುವೆ ಬಲಿಯುತ್ತದೆ. ಮೂರು ವರ್ಷದ ಕೂಸು ಕರಗಿದ ಬೊಂಬೆಯನ್ನು ಕಂಡು “ನಾಳೆ ಬರುತ್ತದೆಯೆ?” ಎಂದು ಸುಮ್ಮನಾದೀತು, ಆರು ವರ್ಷದ ಮಗುವೇ ಬಿಕ್ಕಿಬಿಕ್ಕಿ ಅತ್ತೀತು. ಅದು ಅಳುವುದು ಚಿತ್ರ ಕೆಟ್ಟುದಾದುದರಿಂದಲ್ಲ, ತನಗೆ ಅರ್ಥವಾದುದರಿಂದ.

ಇಂಥ ದುಃಖವನ್ನು ಮಕ್ಕಳಿಂದ ಮರೆಮಾಡಬೇಕೆ? ನಮ್ಮ ಮನೆಗಳ ರೂಢಿಯನ್ನೇ ನೋಡಿ. ಮಣ್ಣಿನ ಗಣಪತಿಯನ್ನು ತಂದು, ಪೂಜಿಸಿ, ಕಡಬು ನಿವೇದಿಸಿ, ಕಡೆಗೆ ಮಕ್ಕಳ ಕಣ್ಣೆದುರಿನಲ್ಲಿಯೇ ನೀರಿಗೆ ಬಿಡುತ್ತೇವೆ. ಬಿಡಬೇಡಿರೆಂದು ಅಳುವ ಮಗು ಎಷ್ಟೋ ಮನೆಗಳಲ್ಲಿ ಉಂಟು. ಹಾಗೆಂದು ಯಾರೂ ವಿಸರ್ಜನೆಯನ್ನು ನಿಲ್ಲಿಸುವುದಿಲ್ಲ; ಮಗುವನ್ನು ಎತ್ತಿಕೊಂಡು, ಬರುವ ವರ್ಷ ಮತ್ತೆ ಬರುತ್ತಾನೆಂದು ಸಮಾಧಾನ ಹೇಳುತ್ತಾರೆ. ಅಲ್ಲಿ ಮಗುವನ್ನು ಕಾಯುವುದು ಎತ್ತಿಕೊಂಡ ತೋಳು. ಚಿತ್ರ ನೋಡುವಾಗಲೂ ಬೇಕಾದುದು ಆ ತೋಳೇ.

ಇದೇ ಕತೆಯ ಮುಂದುವರಿಕೆಯಾಗಿ 2012ನೆಯ ಡಿಸೆಂಬರ್ 24ರಂದು ‘ದಿ ಸ್ನೋಮ್ಯಾನ್ ಅಂಡ್ ದಿ ಸ್ನೋಡಾಗ್’ ಎಂಬ ಇನ್ನೊಂದು ಚಿತ್ರ ಬಂದಿತು. ಅದರಲ್ಲಿ ಹುಡುಗನ ಮುದಿನಾಯಿ ಆರಂಭದಲ್ಲಿಯೇ ಸಾಯುತ್ತದೆ. ಕೊನೆಯಲ್ಲಿ ಹಿಮದ ನಾಯಿ ನಿಜವಾದ ನಾಯಿಯಾಗುತ್ತದೆ. ಮುಗಿವು ಹಿತವಾಗಿದೆ, ನಿಜ. ಆದರೆ ಸಾಕಿದ ಪ್ರಾಣಿಯನ್ನೋ ಅಜ್ಜಅಜ್ಜಿಯರನ್ನೋ ಈಚೆಗೆ ಕಳೆದುಕೊಂಡ ಮನೆಯಲ್ಲಿ, ಮಗು ಅಂಥದೇ ಪವಾಡಕ್ಕಾಗಿ ಕಾದು ಕುಳಿತೀತು. ಅಂಥ ಮನೆಯವರು ಎರಡು ಚಿತ್ರಗಳನ್ನೂ ಕೆಲವು ಕಾಲ ಮುಂದೂಡುವುದು ಲೇಸು.

ನಮ್ಮ ಅಭಿಪ್ರಾಯವನ್ನು ಸಂಗ್ರಹವಾಗಿ ಹೇಳುವುದಾದರೆ, ಐದು ವರ್ಷ ತುಂಬಿದ ಮಕ್ಕಳಿಗೆ ‘ದಿ ಸ್ನೋಮ್ಯಾನ್’ ತಕ್ಕ ಚಿತ್ರ. ಅದಕ್ಕಿಂತ ಚಿಕ್ಕವರಿಗೆ ಮಗುವಿನ ಸ್ವಭಾವವನ್ನರಿತು ತೋರಿಸಬಹುದು. ಹಿರಿಯರು ಮೊದಲು ತಾವೊಮ್ಮೆ ನೋಡಲಿ. ಮಲಗುವ ಹೊತ್ತಿಗೆ ಬೇಡ. ಮಾತನಾಡಲು ವೇಳೆಯಿರುವ ಮಧ್ಯಾಹ್ನ ಆಗಲಿ. ಮುಗಿದೊಡನೆ ಪರದೆಯನ್ನು ಆರಿಸಿ ಎದ್ದುಹೋಗದೆ ಮಗುವಿನ ಬಳಿ ಕೂತಿರಲಿ. “ಬೊಂಬೆ ಎಲ್ಲಿ ಹೋಯಿತು?” ಎಂದು ಕೇಳಿದರೆ, ಅಡಗಿದೆ, ಊರಿಗೆ ಹೋಗಿದೆ ಎಂಬ ಸುಳ್ಳು ಬೇಡ. “ಕರಗಿಹೋಯಿತು, ಮಗು. ಆದರೆ ಅವರಿಬ್ಬರೂ ಆಡಿದ್ದು ನಿಜ, ನೋಡು, ಜೇಬಿನಲ್ಲಿ ವಸ್ತ್ರ ಉಳಿದಿದೆಯಲ್ಲ” ಎಂದರೆ ಸಾಕು. ಅಷ್ಟನ್ನು ಹೇಳಲು ಹತ್ತಿರದಲ್ಲಿ ಯಾರೂ ಇಲ್ಲದ ದಿನ, ಆ ಚಿತ್ರವನ್ನು ತೋರಿಸದಿರುವುದೇ ಒಳ್ಳೆಯದು.