ಒಂದೇ ಗೆಲುವು, ಜಗತ್ತಿಗೆ ನಾಲ್ಕನೇ ಸ್ಥಾನ!

ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತ ಗೆದ್ದದ್ದು ಒಂದೇ ಪಂದ್ಯ. ಸಿಕ್ಕಿದ್ದು ನಾಲ್ಕನೇ ಸ್ಥಾನ!

ಇದು 1956ರ ಮೆಲ್ಬರ್ನ್ ಕಥೆ. ಮೊದಲ ಎದುರಾಳಿ ಹಂಗೆರಿ ಬರಲೇ ಇಲ್ಲ. ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಮಣಿಸಿದ ನಮ್ಮವರು ಸೀದಾ ಸೆಮಿಫೈನಲ್‌ಗೆ. ಅಲ್ಲಿ ಯುಗೊಸ್ಲಾವಿಯಾ ವಿರುದ್ಧ ಮೊದಲ ಗೋಲು ಹೊಡೆದದ್ದೂ ಭಾರತವೇ. ಆಮೇಲೆ 4–1ರ ಸೋಲು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾಕ್ಕೆ 3–0 ಜಯ.

ಆ ತಂಡದ ನಡುಮೈದಾನದಲ್ಲಿ ಬೆವರು ಸುರಿಸಿದವರು ನಮ್ಮ ಬೆಂಗಳೂರಿನ ಮರಿಯಪ್ಪ ಕೆಂಪಯ್ಯ. ಆಗ ಆ ಜಾಗಕ್ಕೆ ಮಿಡ್‌ಫೀಲ್ಡರ್ ಎನ್ನುತ್ತಿರಲಿಲ್ಲ, ‘ಹಾಫ್ ಬ್ಯಾಕ್’ ಎನ್ನುತ್ತಿದ್ದರು. ಹಿಂದೆ ಓಡಿ ಚೆಂಡು ಕಸಿಯಬೇಕು, ಮರುಗಳಿಗೆಯಲ್ಲೇ ಮುಂದಿನವರ ಕಾಲಿಗೆ ಒದಗಿಸಬೇಕು. ದುಡಿತ ಇವರದು, ಗೋಲಿನ ಚಪ್ಪಾಳೆ ಇನ್ನೊಬ್ಬರದು.

1960ರ ರೋಮ್ ತಂಡದಲ್ಲೂ ಕೆಂಪಯ್ಯ ಇದ್ದರು. ಈ ಸಲ ಹಂಗೆರಿ ಬಂತು, 2–1ರಿಂದ ಗೆದ್ದೂ ಹೋಯಿತು. ಫ್ರಾನ್ಸ್ ಜೊತೆ 1–1 ಸಮಬಲ. ಕೊನೆಗೆ ಎದುರಾದದ್ದು ದಕ್ಷಿಣ ಅಮೆರಿಕದ ಪೆರು. ಅವರು 3, ನಾವು 1. ಆ ಒಂದು ಗೋಲು ತುಳಸಿದಾಸ್ ಬಲರಾಂ ಅವರದು, ಅದೂ ಆಟ ಮುಗಿಯಲು ಎರಡು ನಿಮಿಷ ಬಾಕಿ ಇರುವಾಗ.

ಇಂಥ ಆಟಗಾರನ ಹೆಸರು ಈಗ ಎಷ್ಟು ಜನಕ್ಕೆ ಗೊತ್ತು? ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಕೆಳಗೆ ಸಂಜೆಯಾದರೆ ಬ್ಯಾಟು ಹಿಡಿಯುವ ಹುಡುಗರೇ ಹೆಚ್ಚು. ಅವರಲ್ಲಿ ಕೆಂಪಯ್ಯ ಅಂದರೆ ಯಾರೆಂದು ಕೇಳಿ ನೋಡಿ!

ಅಂದಹಾಗೆ, ಪೆರು ವಿರುದ್ಧದ ಆ ಪಂದ್ಯದ ನಂತರ ಭಾರತದ ಫುಟ್‌ಬಾಲ್ ತಂಡ ಒಲಿಂಪಿಕ್ಸ್ ಅಂಗಳಕ್ಕೆ ಇಳಿದಿಲ್ಲ.