ಶಿಯಾನ್: ರೇಷ್ಮೆಯ ಹಾದಿ ಹೊರಡುತ್ತಿದ್ದ ಊರು

ಚೀನಾದ ಶಾನ್‌ಶಿ ಪ್ರಾಂತ್ಯದ ರಾಜಧಾನಿ ಶಿಯಾನ್. ತಾಂಗ್ ಅರಸರ ಕಾಲದಲ್ಲಿ ಇದರ ಹೆಸರು ಚಾಂಗಾನ್. ಅಂದಿನ ಜಗತ್ತಿನ ಅತಿ ದೊಡ್ಡ ನಗರಗಳಲ್ಲಿ ಒಂದು. ಮಧ್ಯ ಏಷ್ಯಾದತ್ತ ರೇಷ್ಮೆ ಹೇರಿಕೊಂಡು ಹೋಗುವ ಸಾರ್ಥಗಳು ಇಲ್ಲಿಂದ ಹೊರಡುತ್ತಿದ್ದವು. ಕುದುರೆ, ಗಾಜು, ಸಂಗೀತ, ಹೊಸ ಹೊಸ ಧರ್ಮಗಳು ಅದೇ ಹಾದಿಯಲ್ಲಿ ಒಳಗೆ ಬಂದವು. ಬೀಜಿಂಗ್, ಶಾಂಘೈ ನೋಡಿ ಮರಳುವ ಭಾರತದ ಪ್ರವಾಸಿಗರು ಬಿಡಬಾರದ ಊರು ಇದು. ಇಲ್ಲಿನ ಗೋಪುರ, ಮಸೀದಿ, ಊಟ, ಅಂಗಡಿ ಬೀದಿ ಎಲ್ಲವೂ ಆ ಹಾದಿಯ ಮಕ್ಕಳೇ.

ಹಳೆಯ ಊರನ್ನು ಸುತ್ತುವರಿದ ಕೋಟೆ ಗೋಡೆಯಿಂದ ನೋಟ ಆರಂಭಿಸುವುದು ಒಳ್ಳೆಯದು. ಮಿಂಗ್ ವಂಶದ ಮೊದಲ ಚಕ್ರವರ್ತಿಯ ಕಾಲದಲ್ಲಿ, 1370ರ ದಶಕದಲ್ಲಿ, ಕಟ್ಟಿದ ಈ ಗೋಡೆಯ ಸುತ್ತಳತೆ ಸುಮಾರು 14 ಕಿಲೋಮೀಟರ್, ಎತ್ತರ 12 ಮೀಟರ್. ನೆತ್ತಿ ಎಷ್ಟು ಅಗಲವೆಂದರೆ ಬಾಡಿಗೆ ಸೈಕಲ್ ಹತ್ತಿ ಇಡೀ ಊರನ್ನು ಮೇಲಿನಿಂದಲೇ ಸುತ್ತಬಹುದು. ಒಳಗೆ ಊರಿನ ನಡುಮಧ್ಯದಲ್ಲಿ 1384ರ ಗಂಟೆ ಗೋಪುರ, ಅದರ ಹತ್ತಿರವೇ 1380ರ ನಗಾರಿ ಗೋಪುರ ಇವೆ. ಇವೆರಡಕ್ಕೂ ಕತ್ತಲಾದ ಮೇಲೆ, ದೀಪ ಹಚ್ಚಿದಾಗ ಹೋದರೆ ಸಾಕು.

ಬಹುತೇಕರು ಶಿಯಾನ್‌ಗೆ ಬರುವುದು ಸುಟ್ಟ ಮಣ್ಣಿನ ಸೈನ್ಯ ನೋಡಲು. ಊರಿನ ಪೂರ್ವಕ್ಕೆ, ಲಿಂತೊಂಗ್ ಪ್ರದೇಶದಲ್ಲಿ, 1974ರ ಮಾರ್ಚ್‌ನಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಮಣ್ಣಿನ ಮೂರ್ತಿಯ ಚೂರುಗಳು ಸಿಕ್ಕವು. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ಶಿ ಹುವಾಂಗ್ ತನ್ನ ಸಮಾಧಿಯ ಕಾವಲಿಗೆ ನಿಲ್ಲಿಸಿದ ಸೈನ್ಯ ಅದು. ಮೂರು ಗುಂಡಿಗಳಲ್ಲಿ ಒಟ್ಟು ಸುಮಾರು 8,000 ಸೈನಿಕರಿದ್ದಾರೆಂದು ಅಂದಾಜು. ಹೆಚ್ಚಿನವರು ಇನ್ನೂ ಮಣ್ಣಿನೊಳಗೇ ಇದ್ದಾರೆ. ಮೊದಲ ಗುಂಡಿಯೇ 230 ಮೀಟರ್ ಉದ್ದ. ಕೈ, ಕಾಲು, ತಲೆಗಳನ್ನು ಬೇರೆ ಬೇರೆ ಮಾಡಿ ಜೋಡಿಸಿ, ಮುಖವನ್ನು ಕೈಯಿಂದ ತಿದ್ದಿದ್ದರಿಂದ ಒಬ್ಬೊಬ್ಬನ ಚಹರೆ ಒಂದೊಂದು ಬಗೆ. ಇಂದು ಬೂದು ಬಣ್ಣಕ್ಕೆ ಕಾಣುವ ಇವರಿಗೆಲ್ಲ ಮೂಲದಲ್ಲಿ ಕೆಂಪು, ಹಸಿರು, ನೇರಳೆ ಬಣ್ಣ ಬಳಿದಿತ್ತು. ಅಗೆದ ಕೂಡಲೇ ಒಣಗಾಳಿ ತಾಗಿ ಮೆರುಗಿನ ಪದರ ಸುರುಳಿ ಸುತ್ತಿ ಉದುರುತ್ತದೆ. ಚಕ್ರವರ್ತಿಯ ಸಮಾಧಿಯನ್ನು ಈವರೆಗೆ ತೆರೆಯದಿರಲು ಇಂಥ ಹಾನಿಯ ಭಯವೂ ಒಂದು ಕಾರಣ; ಆ ಸಂಯಮ ಮೆಚ್ಚುವಂಥದ್ದು. 1980ರಲ್ಲಿ ಸಿಕ್ಕ ಎರಡು ಕಂಚಿನ ರಥಗಳು ಸಮಾಧಿ ದಿಬ್ಬದ ಬಳಿಯ ಬೇರೊಂದು ಸಂಗ್ರಹಾಲಯದಲ್ಲಿವೆ. ಸಮಯ ಸಾಲದೆಂದು ಅವನ್ನು ಬಿಟ್ಟು ಬರುವವರು ಇಡೀ ಜಾಗದ ಅತ್ಯಂತ ನಾಜೂಕಿನ ಕೆಲಸವನ್ನೇ ಬಿಟ್ಟಂತೆ.

ಕನ್ನಡಿಗರಿಗೆ ಸೈನ್ಯಕ್ಕಿಂತ ಹತ್ತಿರವಾಗಬೇಕಾದದ್ದು ಊರಿನ ದಕ್ಷಿಣದಲ್ಲಿರುವ ದೊಡ್ಡ ಕಾಡುಬಾತಿನ ಪಗೋಡ. ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ವರ್ಷಗಟ್ಟಲೆ ಭಾರತ ಸುತ್ತಿ, 657 ಬೌದ್ಧ ಗ್ರಂಥಗಳನ್ನು ಹೊತ್ತು 645ರಲ್ಲಿ ಮರಳಿದ್ದು ಈ ಊರಿಗೇ. ಅವನ್ನು ಕಾಪಾಡಲೆಂದು 652ರಲ್ಲಿ ಈ ಪಗೋಡವನ್ನು ಕಟ್ಟಲಾಯಿತು. ಮೊದಲು ಐದು ಅಂತಸ್ತಿದ್ದದ್ದು ಸಾಮ್ರಾಜ್ಞಿ ವು ಕಾಲದಲ್ಲಿ ಮತ್ತೆ ಕಟ್ಟಿದಾಗ ಬೆಳೆಯಿತು; ಈಗ ಏಳು ಅಂತಸ್ತು, ಎತ್ತರ ಸುಮಾರು 64 ಮೀಟರ್. ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಿಕೇಶಿಯನ್ನು, ಅವನ ಸೈನಿಕರ ಸ್ವಾಭಿಮಾನವನ್ನು, ಯುದ್ಧಕ್ಕೆ ಮುನ್ನ ಆನೆಗಳಿಗೆ ಮದ್ಯ ಕುಡಿಸುವ ರೂಢಿಯನ್ನು, ಹರ್ಷವರ್ಧನನಿಗೂ ಆ ನಾಡು ಮಣಿಯದ ಸಂಗತಿಯನ್ನು ಬರೆದಿಟ್ಟವನು ಇದೇ ಯಾತ್ರಿಕ. ಐಹೊಳೆಯ ಶಾಸನ ಹಾಡಿ ಹೊಗಳುವ ಗೆಲುವಿಗೆ ಹೊರನಾಡಿನವನೊಬ್ಬನ ಸಾಕ್ಷ್ಯ ಸಿದ್ಧವಾದದ್ದು ಚಾಂಗಾನ್‌ನಲ್ಲಿ. ಪಗೋಡದ ಪಕ್ಕದಿಂದ ಸಾಗುವ ತಾಂಗ್ ಶೈಲಿಯ ನಡಿಗೆ ಬೀದಿ ಹೊಸದು, ದೀಪಾಲಂಕಾರದ್ದು; ಸಂಜೆ ಹಳೆಯ ಕಾಲದ ಉಡುಪು ಬಾಡಿಗೆಗೆ ತೊಟ್ಟು ಓಡಾಡುವ ಯುವಜನರಿಂದ ತುಂಬಿರುತ್ತದೆ.

ಊಟಕ್ಕೆ ನಗಾರಿ ಗೋಪುರದ ಹಿಂದಿನ ಮುಸ್ಲಿಂ ಕೇರಿಗೆ ಹೋಗಬೇಕು. ಸಾರ್ಥಗಳ ಜೊತೆ ಬಂದು ನೆಲೆಸಿದ ವ್ಯಾಪಾರಿಗಳ ಪರಂಪರೆಯ ಹುಯ್ ಜನರ ಕೇರಿ ಇದು. ಒಳಗಿರುವ ದೊಡ್ಡ ಮಸೀದಿಗೆ ಗುಮ್ಮಟವಿಲ್ಲ. ಚೀನೀ ದೇವಾಲಯದಂತೆಯೇ ಮರದ ಮಂಟಪಗಳು, ಒಂದರ ಹಿಂದೊಂದು ಅಂಗಳಗಳು. ಕೇರಿಯ ಹೆಸರಾಂತ ಊಟ ಯಾಂಗ್‌ರೌ ಪಾವ್‌ಮೊ. ಗಟ್ಟಿ ರೊಟ್ಟಿಯನ್ನು ಉಣ್ಣುವವರೇ ಸಣ್ಣ ಸಣ್ಣ ಚೂರು ಮಾಡಿ ಬಟ್ಟಲು ತುಂಬಿಸಬೇಕು. ಅಡುಗೆಯವರು ಅದನ್ನು ಒಳಗೆ ಒಯ್ದು ಕುರಿಮಾಂಸದ ಸಾರಿನಲ್ಲಿ ಕುದಿಸಿ, ಉಪ್ಪಿನಕಾಯಿ ಹಾಕಿದ ಬೆಳ್ಳುಳ್ಳಿಯ ಜೊತೆ ತಂದುಕೊಡುತ್ತಾರೆ. ರೊಟ್ಟಿಯೊಳಗೆ ಕೊಚ್ಚಿದ ಮಾಂಸ ತುಂಬಿದ ರೌಜಿಯಾಮೊ ನಡೆಯುತ್ತಲೇ ತಿನ್ನುವ ತಿಂಡಿ.

ಸಸ್ಯಾಹಾರಿಗಳು ಗಾಬರಿಯಾಗಬೇಕಿಲ್ಲ. ಗೋಧಿ ಅಥವಾ ಅಕ್ಕಿಯ ಹಿಟ್ಟಿನ ತೆಳು ಹಾಳೆಯನ್ನು ಆವಿಯಲ್ಲಿ ಬೇಯಿಸಿ, ಪಟ್ಟಿಯಾಗಿ ಕೊಯ್ದು, ಮೆಣಸಿನಕಾಯಿ ಎಣ್ಣೆ, ವಿನೆಗರ್, ಸೌತೆಕಾಯಿಯೊಂದಿಗೆ ತಣ್ಣಗೆ ಕೊಡುವ ಲಿಯಾಂಗ್‌ಪಿಯಲ್ಲಿ ಸಾಮಾನ್ಯವಾಗಿ ಮಾಂಸವಿರುವುದಿಲ್ಲ. ಬಿಯಾಂಗ್‌ಬಿಯಾಂಗ್ ನೂಡಲ್ಸ್ ಅಗಲವಾದ ಪಟ್ಟಿಗಳು. ಮೇಲೆ ಮೆಣಸಿನಪುಡಿ, ಬೆಳ್ಳುಳ್ಳಿ ಉದುರಿಸಿ ಹೊಗೆಯಾಡುವ ಎಣ್ಣೆಯನ್ನು ಚೊಯ್ ಎಂದು ಸುರಿಯುವ ಬಗೆ ನಮ್ಮ ಒಗ್ಗರಣೆಯನ್ನೇ ನೆನಪಿಸುತ್ತದೆ. ಇದನ್ನೂ ಮಾಂಸವಿಲ್ಲದೆ ಮಾಡಿಸಿಕೊಳ್ಳಬಹುದು. ಅಂಟಕ್ಕಿ, ಖರ್ಜೂರದಂಥ ಕೆಂಪು ಹಣ್ಣು ಸೇರಿಸಿ ಬೇಯಿಸುವ ಜೆಂಗ್‌ಗಾವ್ ಸಿಹಿ. ಆದರೆ ತರಕಾರಿ ಪಲ್ಯಕ್ಕೂ ಮಾಂಸದ ಸಾರು ಬೀಳುವುದುಂಟು. ಮಾಂಸ, ಮೊಟ್ಟೆ, ಮಾಂಸದ ಸಾರು ಬೇಡ ಎಂಬ ಮಾತನ್ನು ಚೀನೀ ಲಿಪಿಯಲ್ಲಿ ಮೊಬೈಲ್‌ನಲ್ಲಿ ಬರೆಸಿಟ್ಟುಕೊಂಡು ತೋರಿಸುವುದೇ ಖಚಿತ ದಾರಿ.

ಖರೀದಿಗೆ ದಕ್ಷಿಣ ಬಾಗಿಲಿನ ಒಳಗಿನ ಶುಯುವಾನ್‌ಮೆನ್ ಬೀದಿ ಎಲ್ಲಕ್ಕಿಂತ ಮೇಲು. ಕುಂಚ, ಶಾಯಿ ತೇಯುವ ಕಲ್ಲು, ಕಾಗದ ಮಾರುವ ಅಂಗಡಿಗಳ ಸಾಲು ಅಲ್ಲಿದೆ. ಬೀದಿಯ ಕೊನೆಗೆ ಶಾಸನಗಳ ಕಾಡು ಎಂದೇ ಹೆಸರಾದ ಸಂಗ್ರಹಾಲಯ: 837ರಲ್ಲಿ ಕನ್‌ಫ್ಯೂಶಿಯಸ್ ಪಂಥದ ಗ್ರಂಥಗಳನ್ನು ಕೊರೆದ 114 ಕಲ್ಲುಗಳು, ಕ್ರೈಸ್ತ ಧರ್ಮ ಚೀನಾಕ್ಕೆ ಬಂದದ್ದನ್ನು ಹೇಳುವ 781ರ ಶಾಸನ ಇಲ್ಲಿವೆ. ಕಲ್ಲಿಗೆ ಒದ್ದೆ ಕಾಗದ ಒತ್ತಿ ಮಸಿ ತಟ್ಟಿ ತೆಗೆದ ಅಚ್ಚುಪ್ರತಿಗಳು ಮಾರಾಟಕ್ಕಿರುತ್ತವೆ. ಹಗುರ, ಸುಲಭವಾಗಿ ಸುತ್ತಿ ತರಬಹುದು. ದನದ ಚರ್ಮದ ತೊಗಲುಗೊಂಬೆ, ಕಾಗದ ಕತ್ತರಿಕೆ, ಹೂಶಿಯೆನ್ ರೈತರ ಗಾಢ ಬಣ್ಣದ ಚಿತ್ರಗಳೂ ಈ ಪ್ರಾಂತ್ಯದ್ದೇ. ಮಣ್ಣಿನ ಸೈನಿಕನ ಅಗ್ಗದ ಪ್ರತಿಗಳು ಬಹುಪಾಲು ಒರಟು ಅಚ್ಚಿನವು. ಬೀದಿ ಅಂಗಡಿಗಳಲ್ಲಿ ಚೌಕಾಸಿ ಮಾಡಲೇಬೇಕು.

ಹಣ ಕೊಡುವುದು ಬಹುತೇಕ ಮೊಬೈಲ್‌ನಲ್ಲೇ. ಅಲಿಪೇ ಅಥವಾ ವಿಚ್ಯಾಟ್‌ಗೆ ಅಂತರರಾಷ್ಟ್ರೀಯ ಕಾರ್ಡನ್ನು ಹೊರಡುವ ಮುನ್ನವೇ ಜೋಡಿಸಿಟ್ಟುಕೊಳ್ಳಬೇಕು. ದೊಡ್ಡ ಸಂಗ್ರಹಾಲಯಗಳಿಗೆ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಮುಂಗಡವಾಗಿ ಟಿಕೆಟ್ ಕಾದಿರಿಸುವುದು ಅಗತ್ಯ. ಏಪ್ರಿಲ್, ಮೇ ಮತ್ತು ಸೆಪ್ಟೆಂಬರ್, ಅಕ್ಟೋಬರ್ ಹಿತವಾದ ತಿಂಗಳುಗಳು. ಅಕ್ಟೋಬರ್ 1ರಿಂದ ಒಂದು ವಾರ ಮಾತ್ರ ಇಡೀ ಚೀನಾಕ್ಕೆ ರಜೆ. ಆ ವಾರ ಸೈನ್ಯದ ಗುಂಡಿಗಳ ಕಟಕಟೆಯ ಹತ್ತಿರ ಸುಳಿಯುವುದೂ ಕಷ್ಟ.