ವಿಮಾನಪುರದ ನೆಲವೂ ನೀರ್ದಾರಿಯೂ

ದೇಶಗಳನ್ನು ಅವುಗಳಿಗೆ ನೀರು ಒದಗುವ ಬಗೆಯಿಂದ ಎರಡಾಗಿ ವಿಂಗಡಿಸುವುದು ಪ್ರಾಚೀನರ ಪದ್ಧತಿ. ನದಿಯ ನೀರಿನಿಂದ ಬೆಳೆಯನ್ನು ಪಡೆಯುವ ದೇಶವು ನದೀಮಾತೃಕ. ಮಳೆಯ ನೀರನ್ನೇ ನೆಚ್ಚಿರುವ ದೇಶವು ದೇವಮಾತೃಕ. ಅಮರಕೋಶದ ಭೂಮಿವರ್ಗವನ್ನು ಓದಿದವರಿಗೆಲ್ಲ ಈ ವಿಭಾಗವು ಪರಿಚಿತವೇ ಆಗಿದೆ. ಆದರೆ ಬೆಂಗಳೂರಿನ ಪೂರ್ವಭಾಗದ ನೆಲವು ಈ ಎರಡರಲ್ಲಿ ಯಾವುದಕ್ಕೂ ಸಂಪೂರ್ಣವಾಗಿ ಸೇರತಕ್ಕದ್ದಲ್ಲ. ಅಲ್ಲಿ ಹೇಳಿಕೊಳ್ಳುವಂತಹ ಹೊಳೆಯಿಲ್ಲ. ವರ್ಷಕ್ಕೆ ಬೀಳುವ ಸುಮಾರು ೩೮ ಅಂಗುಲದ ಮಳೆಯಾದರೋ ಕೆಲವೇ ತಿಂಗಳುಗಳಲ್ಲಿ ಸುರಿದು ಹರಿದುಹೋಗತಕ್ಕದ್ದು. ಬಿದ್ದ ಮಳೆಯನ್ನು ತಡೆದು ನಿಲ್ಲಿಸಿದ ಹೊರತು ಅಲ್ಲಿ ಗದ್ದೆಯಿಲ್ಲ, ಗದ್ದೆಯಿಲ್ಲದೆ ಊರಿಲ್ಲ. ಆದುದರಿಂದ ಈ ನೆಲವನ್ನು ತಟಾಕಮಾತೃಕವೆಂದು ಮೂರನೆಯದೊಂದು ಹೆಸರಿನಿಂದ ಕರೆಯುವುದು ಯುಕ್ತವಾಗಿದೆ. ಈ ತಾಯಿಯು ಪ್ರಕೃತಿಯಿಂದ ದೊರೆತವಳಲ್ಲ, ಮಕ್ಕಳೇ ಕಟ್ಟಿಕೊಂಡವಳು. ಈಗ ವಿಮಾನಪುರವೆಂದು ಹೆಸರಾಗಿರುವ ಪ್ರದೇಶವನ್ನೂ ಅದರ ಸುತ್ತಣ ಗ್ರಾಮಗಳನ್ನೂ ಉದಾಹರಣೆಯಾಗಿ ಇಟ್ಟುಕೊಂಡು, ನೆಲದ ಏರುತಗ್ಗುಗಳೂ ನೀರಿನ ದಾರಿಗಳೂ ಅಲ್ಲಿ ನೆಲೆಸಿದ ಜನರ ಬಾಳನ್ನು ಹೇಗೆ ರೂಪಿಸಿದವೆಂಬುದನ್ನು ಇಲ್ಲಿ ವಿಚಾರಮಾಡಲಾಗಿದೆ.

೧. ನೆಲದ ಲಕ್ಷಣ

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೩,೦೦೦ ಅಡಿ ಎತ್ತರದ ಒಂದು ದಿಣ್ಣೆಯ ಮೇಲೆ ನಿಂತಿದೆ. ಈ ದಿಣ್ಣೆಯು ಹೆಚ್ಚುಕಡಮೆ ಉತ್ತರದಕ್ಷಿಣವಾಗಿ ಹಾಯ್ದು ನೀರನ್ನು ಎರಡು ಪಾಲುಮಾಡುತ್ತದೆ. ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿಯ ಮೂಲಕ ಅರ್ಕಾವತಿಯನ್ನೂ, ಅಲ್ಲಿಂದ ಕಾವೇರಿಯನ್ನೂ ಸೇರುತ್ತದೆ. ಪೂರ್ವಕ್ಕೆ ಇಳಿದ ನೀರು ಹೆಬ್ಬಾಳದ ಕಣಿವೆ, ಕೋರಮಂಗಲ ಚಲ್ಲಘಟ್ಟಗಳ ಕಣಿವೆ ಎಂಬ ಎರಡು ದಾರಿಗಳಲ್ಲಿ ಸಾಗಿ ದಕ್ಷಿಣಪಿನಾಕಿನಿಯನ್ನು ಕೂಡಿಕೊಂಡು, ತಮಿಳುನಾಡನ್ನು ಹಾಯ್ದು, ಕಡಲೂರಿನ ಬಳಿ ಪೂರ್ವಸಮುದ್ರಕ್ಕೆ ಬೀಳುತ್ತದೆ. ಒಂದೇ ಮನೆಯ ಸೂರಿನ ಎರಡು ಇಳಿಜಾರುಗಳಂತೆ ಒಂದೇ ಊರಿನ ಮಳೆಯು ಎರಡು ನದಿಗಳ ಪಾಲಾಗುತ್ತದೆ.

ವಿಮಾನಪುರವು ಈ ಪೂರ್ವದ ಇಳಿಜಾರಿನಲ್ಲಿದೆ. ಅದರ ಉತ್ತರಕ್ಕೆ ವಿಭೂತಿಪುರ, ದೊಡ್ಡನೆಕ್ಕುಂದಿಗಳ ತಗ್ಗು. ದಕ್ಷಿಣಕ್ಕೆ ಚಲ್ಲಘಟ್ಟ, ಯಮಲೂರು, ಬೆಳ್ಳಂದೂರುಗಳ ದೊಡ್ಡ ಕಣಿವೆ. ಇವೆರಡರ ನಡುವೆ ಉಳಿದ ಎತ್ತರದ ಬಯಲೇ ವಿಮಾನಪುರದ ನೆಲ. ತಗ್ಗು, ದಿಣ್ಣೆ, ಮತ್ತೆ ತಗ್ಗು ಎಂಬ ಈ ಕ್ರಮವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಹೇಳುವುದೆಲ್ಲವೂ ಇದನ್ನೇ ಅವಲಂಬಿಸಿದೆ.

೨. ತಗ್ಗಿನಲ್ಲಿ ಹುಟ್ಟಿದ ಊರುಗಳು

ಈ ಸೀಮೆಯ ಶಾಸನಗಳಲ್ಲಿ ಊರಿನ ಹುಟ್ಟೂ ಕೆರೆಯ ಹುಟ್ಟೂ ಜೊತೆಜೊತೆಯಾಗಿ ಕಾಣಬರುತ್ತವೆ. ವಿಭೂತಿಪುರದಲ್ಲಿ ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ, ೧೩೦೭ನೆಯ ಇಸವಿಯ ತಮಿಳು ಶಾಸನವೊಂದಿದೆ. ಕಾಡನ್ನು ಕಡಿದು, ನೆಲವನ್ನು ಸಮಮಾಡಿ, ಕೆರೆಯನ್ನು ಕಟ್ಟಿಸಿ, ಹೊಸದಾಗಿ ಊರನ್ನು ನೆಲೆಗೊಳಿಸಿದ ಸಂಗತಿಯನ್ನು ಅದು ತಿಳಿಸುತ್ತದೆ. ಇನ್ನೂ ಪೂರ್ವಕ್ಕೆ, ಕಾಡುಗೋಡಿಯ ಬಳಿಯ ಪಟ್ಟಂದೂರಿನ ಕೆರೆಯನ್ನು ತೂಬುಗಳ ಸಹಿತ ಕಟ್ಟಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲರನ್ನು ಪ್ರತಿಷ್ಠಿಸಿದ ವಿಷಯವು ಚೋಳರ ಕಾಲದ, ೧೦೪೩ನೆಯ ಇಸವಿಯ ಶಾಸನದಿಂದ ತಿಳಿದುಬರುತ್ತದೆ. ಪಶ್ಚಿಮಕ್ಕೆ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿಯೂ ತಮಿಳು ಶಾಸನಗಳಿವೆ. ಆ ಊರು ಅವುಗಳಲ್ಲಿ ತೊಂಬಲೂರೆಂದು ಕರೆಯಲ್ಪಟ್ಟಿದೆ. ಹೀಗೆ ಈ ಇಳಿಜಾರಿನ ಹಳೆಯ ಬರಹಗಳಲ್ಲಿ ಕನ್ನಡದೊಡನೆ ತಮಿಳೂ ಬೆರೆತಿರುವುದಕ್ಕೆ ಚೋಳರ ಆಳ್ವಿಕೆಯು ಮುಖ್ಯ ಕಾರಣವೆಂಬುದು ನಿರ್ವಿವಾದ. ಅದರ ಸಂಗಡ, ನೀರು ಇಳಿಯುವ ದಿಕ್ಕಿನಲ್ಲಿಯೇ ಈ ಊರುಗಳ ನಂಟೂ ಬೆಳೆದಿರಬೇಕೆಂದು ಊಹಿಸಲು ಅವಕಾಶವಿದೆ.

ಹೆಸರುಗಳೂ ಇದಕ್ಕೆ ಸಾಕ್ಷಿ. ಬೊಮ್ಮಸಂದ್ರ, ಸಿಂಗಸಂದ್ರ ಮುಂತಾದ ಊರುಗಳ ಕೊನೆಯಲ್ಲಿರುವ ‘ಸಂದ್ರ’ವು ‘ಸಮುದ್ರ’ದ ತದ್ಭವ. ಸಮುದ್ರವೆಂದರೆ ಇಲ್ಲಿ ಕೆರೆಯೇ ಹೊರತು ಕಡಲಲ್ಲ. ಕಡಲನ್ನು ಕಾಣದ ಒಕ್ಕಲಿಗನು ತನ್ನ ಊರಿನ ನೀರಿಗೆ ಆ ದೊಡ್ಡ ಹೆಸರನ್ನಿಟ್ಟು, ಬಳಕೆಯಲ್ಲಿ ಅದನ್ನು ತನ್ನ ನಾಲಗೆಗೆ ತಕ್ಕಂತೆ ಕಿರಿದುಮಾಡಿಕೊಂಡನು. ಕಲ್ಕೆರೆಯಂತಹ ಹೆಸರುಗಳಲ್ಲಿ ಕೆರೆಯೇ ಊರಾಗಿದೆ.

ಕೆರೆಯ ರಚನೆಯೂ ಊರಿನ ರಚನೆಯೂ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಇಳಿಜಾರಿಗೆ ಅಡ್ಡಲಾಗಿ ಏರಿಯನ್ನು ಹಾಕಿದರೆ ಅದರ ಮೇಲುಗಡೆ ನೀರು ನಿಂತು ಕೆರೆಯ ಅಂಗಳವಾಗುತ್ತದೆ. ಏರಿಯ ಕೆಳಗೆ ತೂಬಿನ ನೀರುಣ್ಣುವ ಅಚ್ಚುಕಟ್ಟು. ಅಲ್ಲಿ ಬತ್ತದ ಗದ್ದೆ, ಎಲೆತೋಟ, ತರಕಾರಿ. ಏರಿಯ ಪಕ್ಕದ ಮೆಟ್ಟು ನೆಲದಲ್ಲಿ ಮನೆಗಳು. ಅದಕ್ಕೂ ಮೇಲೆ ರಾಗಿಯ ಬೆದ್ದಲು. ಎಲ್ಲಕ್ಕೂ ಮೇಲೆ ದನ ಮೇಯುವ ಗೋಮಾಳ. ಹೆಚ್ಚಾದ ನೀರು ಕೋಡಿಬಿದ್ದು ಕಾಲುವೆಯಲ್ಲಿ ಇಳಿದು ಕೆಳಗಣ ಊರಿನ ಕೆರೆಯನ್ನು ತುಂಬುತ್ತದೆ. ಮೇಲಿನ ಊರಿನ ಕೋಡಿಯೇ ಕೆಳಗಿನ ಊರಿನ ಮಳೆ. ಆದುದರಿಂದ ಯಾವ ಊರೂ ತನ್ನಷ್ಟಕ್ಕೆ ತಾನೇ ಬಾಳುವಂತಿರಲಿಲ್ಲ. ಮೇಲಿನವರು ಏರಿಯನ್ನು ಎತ್ತರಿಸಿದರೆ ಕೆಳಗಿನವರಿಗೆ ಬರ, ಮೇಲಿನವರ ಏರಿ ಒಡೆದರೆ ಕೆಳಗಿನವರಿಗೆ ಪ್ರಳಯ. ಕೆರೆಯ ದುರಸ್ತಿಗಾಗಿ ಭೂಮಿಯನ್ನು ಬಿಡುವ ಕಟ್ಟುಕೊಡಗೆಯೂ, ನೀರನ್ನು ಸರದಿಯಂತೆ ಹಂಚುವ ನೀರುಗಂಟಿಯ ಪದವಿಯೂ, ಏರಿಯ ಮೇಲೆ ನೆಲೆಗೊಂಡ ಗಂಗಮ್ಮನ ಪೂಜೆಯೂ, ಕೆರೆ ತುಂಬಿದಾಗ ಅರ್ಪಿಸುವ ಬಾಗಿನವೂ ಈ ಪರಸ್ಪರಾಶ್ರಯದ ಫಲಗಳು.

ಆದರೆ ಈ ವ್ಯವಸ್ಥೆಯನ್ನು ಸ್ತುತಿಸುವಾಗ ಅದರ ಕಲಂಕವನ್ನು ಮರೆಮಾಚುವುದು ನ್ಯಾಯವಲ್ಲ. ಬೆಂಗಳೂರು ಕೋಲಾರಗಳ ಸೀಮೆಯ ಅನೇಕ ಗ್ರಾಮಗಳಲ್ಲಿ ನೀರುಗಂಟಿಯು ಅಸ್ಪೃಶ್ಯನೆನಿಸಿಕೊಂಡ ಕುಲದವನೇ ಆಗಿರುತ್ತಿದ್ದನು. ಎಲ್ಲರ ಗದ್ದೆಗೂ ಸಮನಾಗಿ ನೀರನ್ನು ಹಾಯಿಸುವ ಅವನಿಗೆ ಊರಬಾವಿಯಿಂದ ಒಂದು ಕೊಡ ನೀರನ್ನು ಸೇದಿಕೊಳ್ಳುವ ಹಕ್ಕಿರಲಿಲ್ಲ. ನೆಲವು ಮನುಷ್ಯರ ಬಾಳನ್ನು ರೂಪಿಸುತ್ತದೆಯೆಂಬುದು ನಿಜ. ಅನ್ಯಾಯವನ್ನು ಮಾತ್ರ ಮನುಷ್ಯರೇ ರೂಪಿಸಿಕೊಂಡರು.

೩. ದಿಣ್ಣೆಗೆ ಬಂದ ಭಾಗ್ಯ

ಹೀಗೆ ಶತಮಾನಗಳ ಕಾಲ ಬೆಲೆಯೆಲ್ಲವೂ ತಗ್ಗಿನ ನೆಲಕ್ಕೇ ಇತ್ತು. ನೀರು ನಿಲ್ಲದ ದಿಣ್ಣೆಯು ಬೆದ್ದಲು, ಗೋಮಾಳಗಳಿಗೆ ಮಾತ್ರ ಒದಗುತ್ತಿತ್ತು. ೧೮೦೭ರ ತರುವಾಯ ಶ್ರೀರಂಗಪಟ್ಟಣದ ದಂಡು ಬೆಂಗಳೂರಿಗೆ ಬಂದು ಹಲಸೂರಿನ ಬಳಿ ನೆಲೆಸಿದಾಗ ಈ ಬೆಲೆಯು ತಿರುಗಲು ಮೊದಲಾಯಿತು. ಕವಾಯತಿಗೆ ಬೇಕಾದುದು ಒಣಗಿದ ಸಮತಲವೇ ಹೊರತು ಗದ್ದೆಯಲ್ಲ. ಆದರೂ ದಂಡಿಗೆ ಕುಡಿಯುವ ನೀರು ಹಲಸೂರಿನ ಕೆರೆಯಿಂದಲೇ ಬರಬೇಕಾಗಿದ್ದುದರಿಂದ, ದಿಣ್ಣೆಯು ಇನ್ನೂ ತಗ್ಗಿನ ಋಣದಲ್ಲಿಯೇ ಇತ್ತು.

ಈ ಋಣವು ಕಳಚಿದ್ದು ಕೊಳಾಯಿಯಿಂದ. ೧೮೯೬ರಲ್ಲಿ ಹೆಸರಘಟ್ಟದಿಂದಲೂ, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ನೀರು ಬಂದಿತು. ಇವೆರಡೂ ಅರ್ಕಾವತಿಯ ನೀರು. ಕೊಳಾಯಿಯು ಬಂದಮೇಲೆ ಮನುಷ್ಯನು ನೀರಿದ್ದೆಡೆಗೆ ಹೋಗಬೇಕಾಗಿರಲಿಲ್ಲ. ನೀರೇ ಅವನಿದ್ದೆಡೆಗೆ ಬರತೊಡಗಿತು. ಹೀಗಿರಲು ೧೯೪೦ರ ಡಿಸೆಂಬರ್ ೨೩ರಂದು, ಸರ್ ಮಿರ್ಜಾ ಇಸ್ಮಾಯಿಲ್ಲರು ದಿವಾನರಾಗಿದ್ದ ಕಾಲದಲ್ಲಿ, ವಾಲ್‌ಚಂದ್ ಹೀರಾಚಂದರ ಉದ್ಯಮದಿಂದಲೂ ಮೈಸೂರು ಸಂಸ್ಥಾನದ ಸಹಾಯದಿಂದಲೂ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಸ್ಥಾಪಿತವಾಯಿತು. ವಿಮಾನವು ಏರಿಳಿಯಲು ಬೇಕಾದುದೇನು? ಉದ್ದವಾದ ಸಮತಲ, ನೀರು ನಿಲ್ಲದ ಗಟ್ಟಿ ನೆಲ, ಸುತ್ತಲೂ ಅಡ್ಡಬರದ ಬಯಲು. ಎರಡು ಕಣಿವೆಗಳ ನಡುವಣ ಈ ದಿಣ್ಣೆಯಲ್ಲಿ ಈ ಮೂರೂ ಇದ್ದವು. ಅಲ್ಲಿಯ ವಿಮಾನನಿಲ್ದಾಣದ ಎತ್ತರ ೨,೯೧೨ ಅಡಿ. ಓಡುದಾರಿಯ ಉದ್ದ ಈಗ ೧೦,೮೦೦ ಅಡಿಗೂ ಮಿಕ್ಕಿದೆ. ೧೩೦೭ರಲ್ಲಿ ಊರು ಕಟ್ಟಿದವರು ನೆಲವನ್ನು ನೋಡಿ ತಗ್ಗನ್ನು ಆರಿಸಿಕೊಂಡರು. ೧೯೪೦ರಲ್ಲಿ ಕಾರ್ಖಾನೆ ಕಟ್ಟಿದವರು ಅದೇ ನೆಲವನ್ನು ನೋಡಿ ದಿಣ್ಣೆಯನ್ನು ಆರಿಸಿಕೊಂಡರು. ಇಬ್ಬರೂ ನೆಲವನ್ನು ಸರಿಯಾಗಿಯೇ ಓದಿದವರು. ಕಾರ್ಖಾನೆಯಿಂದ ಆ ಸ್ಥಳಕ್ಕೆ ವಿಮಾನಪುರವೆಂಬ ಹೆಸರು ಬಂದಿತು. ೨೦೦೮ರ ಮೇ ತಿಂಗಳವರೆಗೆ ಬೆಂಗಳೂರಿನ ನಾಗರಿಕ ವಿಮಾನನಿಲ್ದಾಣವೂ ಅದೇ ಆಗಿದ್ದಿತು.

೪. ಒಂದು ಶಂಕೆ

ಇಲ್ಲಿ ಒಂದು ಶಂಕೆಯು ಹುಟ್ಟಬಹುದು. ಕಾರ್ಖಾನೆಯು ಬಂದದ್ದು ಮಹಾಯುದ್ಧದ ನಿಮಿತ್ತದಿಂದ. ಬಂಡವಾಳ, ರಾಜಾಶ್ರಯ, ಶಿವನಸಮುದ್ರದ ವಿದ್ಯುಚ್ಛಕ್ತಿ, ಸಮೀಪದ ವಿಜ್ಞಾನಮಂದಿರ ಇವುಗಳ ಬಲದಿಂದ. ಇದರಲ್ಲಿ ನೆಲದ ಪಾತ್ರವೇನು? ಕೊಳಾಯಿಯು ಬಂದಮೇಲೆ ತಗ್ಗುದಿಣ್ಣೆಗಳ ಭೇದವೇ ಅಳಿಯಿತಲ್ಲವೆ? ಎಂದು. ಇದಕ್ಕೆ ಸಮಾಧಾನವಿಷ್ಟೆ: ನೆಲವು ಆಜ್ಞೆಮಾಡುವುದಿಲ್ಲ, ಅವಕಾಶವನ್ನು ಕೊಡುತ್ತದೆ. ಆರಿಸಿಕೊಳ್ಳುವವನು ಮನುಷ್ಯನೇ. ಆದರೆ ಬಂದ ನೀರು ಹೋಗಲೇಬೇಕು, ಹೋಗುವಾಗ ಅದು ತಗ್ಗನ್ನೇ ಹಿಡಿಯಬೇಕು. ನೀರು ಬರುವ ದಾರಿಯನ್ನು ಯಂತ್ರವು ಬದಲಾಯಿಸಿತು. ಹೋಗುವ ದಾರಿಯನ್ನು ಬದಲಾಯಿಸಲಿಲ್ಲ.

೧೯೭೪ರಿಂದ ಕಾವೇರಿಯ ನೀರು ಸುಮಾರು ೧೦೦ ಕಿಲೋಮೀಟರು ದೂರದಿಂದ, ಸುಮಾರು ೧,೬೦೦ ಅಡಿ ಮೇಲಕ್ಕೆತ್ತಲ್ಪಟ್ಟು ಬೆಂಗಳೂರಿಗೆ ಬರುತ್ತಿದೆ. ಊರಿನ ಪೂರ್ವಭಾಗದಲ್ಲಿ ಬಳಕೆಯಾದ ಆ ನೀರು ಮತ್ತೆ ಕಾವೇರಿಗೆ ಮರಳುವುದಿಲ್ಲ. ದಿಣ್ಣೆಯನ್ನು ದಾಟಿ ಬಂದುದರಿಂದ ಪಿನಾಕಿನಿಯ ಕಡೆಗೆ, ಅಂದರೆ ಬೆಳ್ಳಂದೂರು, ವರ್ತೂರು ಕೆರೆಗಳಿಗೆ, ಇಳಿಯುತ್ತದೆ. ಮಳೆಗಾಲದ ನೀರನ್ನು ಹಿಡಿದಿಡಲು ಕಟ್ಟಿದ ಕೆರೆಗಳು ಹೀಗೆ ವರ್ಷವಿಡೀ ಊರಿನ ಕೊಳೆನೀರನ್ನು ಹೊರುವ ಪಾತ್ರೆಗಳಾದವು.

೫. ಕೆರೆಯ ಷಡ್ದೋಷಗಳು

ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರನಾದ ಭಾಸ್ಕರನು ೧೩೬೯ರಲ್ಲಿ ಬರೆಯಿಸಿದ ಸಂಸ್ಕೃತ ಶಾಸನವೊಂದಿದೆ. ಕೆರೆಗೆ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಅದು ಹೇಳುತ್ತದೆ. ಧರ್ಮಿಷ್ಠನಾದ ಪ್ರಭು, ಜಲಶಾಸ್ತ್ರವನ್ನು ಬಲ್ಲ ಪಂಡಿತ, ಗಟ್ಟಿಯಾದ ಮಣ್ಣು, ಸಿಹಿನೀರಿನ ಹೊಳೆ, ಭದ್ರವಾದ ಕಲ್ಲಿನ ಏರಿ, ಕೆಲಸವನ್ನರಿತ ಆಳುಗಳು ಇವೇ ಮೊದಲಾದವು ಸಾಧನಗಳು. ಏರಿಯಿಂದ ನೀರು ಜಿನುಗುವುದು, ಚೌಳುಮಣ್ಣು, ಎರಡು ರಾಜ್ಯಗಳ ಎಲ್ಲೆಯಲ್ಲಿರುವುದು, ಅಂಗಳದ ನಡುವೆ ಆಮೆಯ ಬೆನ್ನಿನಂತೆ ನೆಲ ಉಬ್ಬಿರುವುದು, ನೀರು ಸಾಲದೆ ಭೂಮಿ ಹೆಚ್ಚಾಗಿರುವುದು, ಭೂಮಿ ಸಾಲದೆ ನೀರು ಹೆಚ್ಚಾಗಿರುವುದು ಇವು ದೋಷಗಳು.

ಇವುಗಳಲ್ಲಿ ಕಡೆಯದು ವಿಚಾರಾರ್ಹವಾದುದು. ನೀರು ಹೆಚ್ಚಾದರೆ ಅದು ದೋಷವಾಗುವುದು ಹೇಗೆ? ಬರಗಾಲಕ್ಕೆ ಹೆದರಿದ ದೇಶದಲ್ಲಿ ಇಂತಹ ಮಾತು ಓದುವವನಿಗೆ ವಿಚಿತ್ರವಾಗಿ ತೋರಬಹುದು. ಆದರೆ ಕೆರೆಯೆಂಬುದು ನೀರಿನ ರಾಶಿಯಲ್ಲ, ನೀರಿಗೂ ನೆಲಕ್ಕೂ ಇರುವ ಅಳತೆ. ಅದನ್ನು ಉಣ್ಣುವ ನೆಲವಿಲ್ಲದಿದ್ದರೆ ನೀರು ನಿಂತು ಕೆಡುತ್ತದೆ, ಇಲ್ಲವೆ ಉಕ್ಕಿ ಕೆಡಿಸುತ್ತದೆ. ಸುಮಾರು ೯೦೦ ಎಕರೆ ವಿಸ್ತಾರದ ಬೆಳ್ಳಂದೂರಿನ ಕೆರೆಗೆ ಈಗ ಒದಗಿರುವುದು ಈ ಆರನೆಯ ದೋಷವೇ. ಅಚ್ಚುಕಟ್ಟಿನ ಗದ್ದೆಗಳು ಮನೆಗಳಾಗಿ, ಕಛೇರಿಗಳಾಗಿ ಹೋದವು. ಮೇಲಣ ಕೋರಮಂಗಲದ ಕೆರೆಯೂ ಚಲ್ಲಘಟ್ಟದ ಕೆರೆಯೂ ಅಂಗಳಸಹಿತವಾಗಿ ಬೇರೆ ಉಪಯೋಗಗಳಿಗೆ ಸಂದವು. ಬರುವ ನೀರು ಮಾತ್ರ ಪ್ರತಿವರ್ಷವೂ ಹೆಚ್ಚಿತು. ೨೦೧೫, ೨೦೧೭, ೨೦೧೮ನೆಯ ಇಸವಿಗಳಲ್ಲಿ ಆ ಕೆರೆಯಲ್ಲಿ ಬೆಂಕಿಯೆದ್ದಿತು. ಕವಿಗಳು ವರ್ಣಿಸಿದ ಬಡಬಾಗ್ನಿಯು ನೀರಿನಲ್ಲಿ ಕಾಣಿಸಿಕೊಂಡಂತಾಯಿತಾದರೂ, ಇದಕ್ಕೆ ಕಾರಣ ಪುರಾಣೋಕ್ತವಲ್ಲ. ಕೊಳೆನೀರು, ಸಾಬೂನಿನ ನೊರೆ, ದಡದ ಕಸ, ಒಣಗಿದ ಜೊಂಡು ಇವೇ ಕಾರಣ. ೨೦೨೨ರ ಸೆಪ್ಟೆಂಬರಿನಲ್ಲಿ ಮಳೆ ಬಲವಾಗಿ ಹಿಡಿದಾಗ ವಿಮಾನಪುರದ ತೆಂಕಣ ತಗ್ಗಿನ ಯಮಲೂರಿನಲ್ಲಿ ಜನರು ಟ್ರ್ಯಾಕ್ಟರುಗಳಲ್ಲಿ ಕುಳಿತು ಮನೆಗಳಿಂದ ಹೊರಬರಬೇಕಾಯಿತು. ನೀರು ತಾನು ನಡೆದ ಹಳೆಯ ದಾರಿಯನ್ನು ಮರೆತಿರಲಿಲ್ಲ, ಮರೆತವರು ಬೇರೆ.

೬. ಉಪಸಂಹಾರ

ದೋಷವನ್ನು ಗುರುತಿಸಿದಲ್ಲಿಯೇ ಪರಿಹಾರದ ಎಳೆಯೂ ಸಿಕ್ಕುತ್ತದೆ. ಭೂಮಿಗೆ ಮಿಕ್ಕ ನೀರು ಒಂದು ಕಡೆ, ನೀರಿಲ್ಲದ ಭೂಮಿ ಇನ್ನೊಂದು ಕಡೆ ಇರುವಾಗ ಎರಡನ್ನೂ ಕೂಡಿಸುವುದೇ ಉಪಾಯ. ಕೋರಮಂಗಲ ಚಲ್ಲಘಟ್ಟಗಳ ಕಣಿವೆಯ ಕೊಳೆನೀರನ್ನು ಶುದ್ಧಿಮಾಡಿ, ದಿನಕ್ಕೆ ೪೪೦ ದಶಲಕ್ಷ ಲೀಟರಿನಷ್ಟನ್ನು ಕೋಲಾರದ ಬತ್ತಿದ ಕೆರೆಗಳಿಗೆ ಒಯ್ಯುವ ಯೋಜನೆಯು ೨೦೧೮ರಲ್ಲಿ ಕಾರ್ಯಗತವಾಯಿತು. ಆ ಶುದ್ಧಿಯು ಸಾಲದೆಂಬ ಆಕ್ಷೇಪವು ಬಲವಾಗಿಯೇ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಸಿಹಿನೀರೂ ಹನ್ನೆರಡು ಸಾಧನಗಳಲ್ಲಿ ಒಂದೆಂಬುದನ್ನು ನೆನೆಯಬೇಕು. ಆದರೂ ಬೆಂಗಳೂರಿನ ಮನೆಗಳಲ್ಲಿ ಬಳಕೆಯಾದ ಕಾವೇರಿಯು ಕೋಲಾರದ ಕೆರೆಯ ಅಂಗಳವನ್ನು ಮುಟ್ಟಿದುದರಿಂದ, ಮೇಲಿನ ಊರಿನ ಕೋಡಿಯೇ ಕೆಳಗಿನ ಊರಿನ ಮಳೆಯೆಂಬ ಹಳೆಯ ನಂಟು ಹೊಸ ರೂಪದಲ್ಲಿ ಮತ್ತೆ ತಲೆದೋರಿದೆ.

ಈ ವಿಚಾರದಿಂದ ತಿಳಿದುಬರುವುದಿಷ್ಟು. ತಗ್ಗು ಊರುಗಳನ್ನು ಹೆತ್ತಿತು. ದಿಣ್ಣೆಯು ಕಾರ್ಖಾನೆಯನ್ನು ಹೊತ್ತಿತು. ಇವೆರಡನ್ನೂ ಕಟ್ಟಿರುವ ಹಗ್ಗ ನೀರ್ದಾರಿ. ಕಾಲುವೆ, ಕೋಡಿ, ಅಚ್ಚುಕಟ್ಟು ಎಂಬ ಮಾತುಗಳು ಈಗ ಶಾಸನಗಳನ್ನು ಓದುವವರಿಗೂ ಕೋಶಗಳನ್ನು ರಚಿಸುವವರಿಗೂ ಮಾತ್ರ ಬೇಕಾದವುಗಳೆಂದು ತಿಳಿಯಬಾರದು. ಅವುಗಳ ಅರ್ಥವನ್ನು ಮರೆತ ಊರು ಮಳೆಗಾಲದಲ್ಲಿ ಅದನ್ನು ಮತ್ತೆ ಕಲಿಯಬೇಕಾಗುತ್ತದೆ. ವಿಭೂತಿಪುರದ ಶಾಸನವನ್ನು ತರಗತಿಯಲ್ಲಿ ಪಾಠಹೇಳುವ ಅಧ್ಯಾಪಕರು, ವಿದ್ಯಾರ್ಥಿಗಳನ್ನು ಒಮ್ಮೆ ಆ ಕೆರೆಯ ಏರಿಯ ಮೇಲೆ ನಿಲ್ಲಿಸಿ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಕೇಳಿದರೆ, ಪಾಠದ ಅರ್ಧವು ಅಲ್ಲಿಯೇ ಮುಗಿದಂತಾಗುತ್ತದೆ.